ಕಲ್ಲುಹೊಲದ ಬಾಡಿಗೆ

ಅರಿಶಿನಕುಂಟೆ ದಾಟಿದ ಮೇಲೆ, ತುಮಕೂರು ಹೆದ್ದಾರಿಯಿಂದ ಒಳಕ್ಕೆ ತಿರುಗುವ ಒಂದು ರಸ್ತೆಯ ಬಾಯಲ್ಲಿ ಗಂಗಣ್ಣನ ಹೋಟೆಲಿದೆ. ಬೆಳಿಗ್ಗೆ ಹೊತ್ತು ಲಾರಿ ಡ್ರೈವರುಗಳು, ಗೋಡೌನಿನಲ್ಲಿ ಮೂಟೆ ಹೊರುವವರು, ಊರಿನ ನಾಲ್ಕೈದು ಜನ ಅಲ್ಲಿ ಸೇರುತ್ತಾರೆ. ಬೈರೇಶ ಅಲ್ಲಿರುವಾಗ ಬೇರೆಯವರು ಟೀ ಕಾಸು ಕೊಡುವುದು ಬಹಳ ವರ್ಷ ನಡೆಯುತ್ತಲೇ ಇರಲಿಲ್ಲ. ಯಾರಾದರೂ ಜೇಬಿಗೆ ಕೈ ಹಾಕಿದರೆ ಆ ಕೈ ಹಿಡಿದು ಕೆಳಗಿಳಿಸಿ ತಾನೇ ಕೊಡುತ್ತಿದ್ದ. ಹೆಸರು ಗೊತ್ತಿಲ್ಲದ ಸೇಲಂ ಕಡೆಯ ಡ್ರೈವರನಿಗೂ ಇಡ್ಲಿ ತಿನ್ನಿಸಿ ಕಳಿಸುತ್ತಿದ್ದ. ಊರವರು ಅವನನ್ನು ಕೊಡುಗೈ ಬೈರಣ್ಣ ಎಂದು ಕರೆಯುತ್ತಿದ್ದರು. ಎದುರಿಗೆ ಅದು ಹೊಗಳಿಕೆಯಾಗಿತ್ತು, ಅವನು ಎದ್ದು ಹೋದ ಮೇಲೆ ಅದರ ಧಾಟಿ ಬೇರೆಯಾಗುತ್ತಿತ್ತು.

ಅವನ ಕೈಗೆ ಆ ದುಡ್ಡು ಬಂದ ಬಗೆಯನ್ನು ಮೊದಲು ಹೇಳಬೇಕು.

ಅಪ್ಪ ತೀರಿಕೊಂಡ ಮೇಲೆ ಬೈರೇಶನಿಗೂ ಅವನ ಅಣ್ಣ ಅಪ್ಪಯ್ಯಣ್ಣನಿಗೂ ಭಾಗವಾಯಿತು. ಜಗಳವೇನೂ ಇರಲಿಲ್ಲ. ಅಪ್ಪಯ್ಯಣ್ಣ ವಯಸ್ಸಿನಲ್ಲಿ ಬಹಳ ದೊಡ್ಡವನು, ಅಪ್ಪನ ಜೊತೆ ಉತ್ತು ಬಿತ್ತಿ ಬೆಳೆದವನು. ಬೈರೇಶ ಆಗ ಯಶವಂತಪುರದ ಮಾರ್ಕೆಟ್ಟಿಗೆ ತರಕಾರಿ ಸಾಗಿಸುವ ಟೆಂಪೋ ಓಡಿಸುತ್ತಿದ್ದ, ಹೊಲದ ಕೆಲಸ ಅವನಿಗೆ ಒಗ್ಗುತ್ತಿರಲಿಲ್ಲ. ಹಾಗಾಗಿ ಕೆರೆ ಕೆಳಗಿನ ನೀರಿನ ಜಮೀನು ಅಣ್ಣನಿಗೆ, ರಸ್ತೆ ಕಡೆಯ ಕಲ್ಲುಹೊಲ ತಮ್ಮನಿಗೆ ಎಂದು ತೀರ್ಮಾನವಾಯಿತು. ಕಲ್ಲುಹೊಲದಲ್ಲಿ ಹುರುಳಿ ಬಿಟ್ಟರೆ ಬೇರೇನೂ ಏಳುತ್ತಿರಲಿಲ್ಲ. ಕಿರಿಮಗನಿಗೆ ಬರೀ ಕಲ್ಲು ಬಂತಲ್ಲ ಎಂದು ತಾಯಿ ಅಮ್ಮಯಮ್ಮ ಪಂಚಾಯಿತಿಗೆ ಕೂತವರ ಎದುರೇ ಅತ್ತಳು. ಅಪ್ಪಯ್ಯಣ್ಣನಿಗೂ ಅದು ಮನಸ್ಸಿಗೆ ಹತ್ತಿತೋ ಏನೋ, ಮರುದಿನ ಬೆಳಿಗ್ಗೆ ತನ್ನ ಪಾಲಿಗೆ ಬಂದಿದ್ದ ಹಾಲು ಕೊಡುವ ಹಸುವನ್ನು ಹಗ್ಗ ಸಮೇತ ತಂದು ತಮ್ಮನ ಮನೆ ಮುಂದೆ ಕಟ್ಟಿ, ಏನೂ ಹೇಳದೆ ಹೋದ. ಬೈರೇಶನ ಮಗಳು ಚಂದನ ಆ ಹಸುವಿನ ಹಾಲು ಕುಡಿದು ಬೆಳೆದಳು.

ಹತ್ತು ವರ್ಷದೊಳಗೆ ಎಲ್ಲ ತಿರುಗುಮುರುಗಾಯಿತು. ಹೆದ್ದಾರಿ ಅಗಲವಾಯಿತು. ಅದರ ಬೆನ್ನಿಗೇ ಗೋಡೌನುಗಳು ಬಂದವು. ಗೋಡೌನು ಕಟ್ಟುವವರಿಗೆ ಫಲವತ್ತಾದ ಮಣ್ಣು ಬೇಕಿರಲಿಲ್ಲ, ಗಟ್ಟಿ ನೆಲ ಬೇಕಿತ್ತು, ಲಾರಿ ತಿರುಗುವಷ್ಟು ರಸ್ತೆ ಬೇಕಿತ್ತು. ಬೆಂಗಳೂರಿನ ಒಂದು ಕಂಪನಿಯವರು ಕಲ್ಲುಹೊಲವನ್ನು ಹತ್ತು ವರ್ಷದ ಕರಾರಿಗೆ ತೆಗೆದುಕೊಂಡು ನೀಲಿ ತಗಡಿನ ದೊಡ್ಡ ಗೋಡೌನು ಎಬ್ಬಿಸಿದರು. ಪ್ರತಿ ತಿಂಗಳು ಐದನೇ ತಾರೀಕು ಬೈರೇಶನ ಬ್ಯಾಂಕ್ ಖಾತೆಗೆ ಒಂದೂವರೆ ಲಕ್ಷ ರೂಪಾಯಿ ಬೀಳತೊಡಗಿತು. ಕೆರೆ ಕೆಳಗಿನ ಜಮೀನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಅಪ್ಪಯ್ಯಣ್ಣ ಸೇವಂತಿಗೆ, ಬೀನ್ಸು ಬೆಳೆಯುತ್ತ, ತಾಯಿಯನ್ನು ಜೊತೆಯಲ್ಲಿಟ್ಟುಕೊಂಡು ಮೊದಲಿನಂತೆಯೇ ಇದ್ದ.

ಮೊದಲ ಬಾಡಿಗೆ ಬಂದ ದಿನ ಬೈರೇಶ ಒಂದು ಕೆಜಿ ಮೈಸೂರುಪಾಕು ಕಟ್ಟಿಸಿಕೊಂಡು ಅಣ್ಣನ ಮನೆಗೆ ಹೋದ. ಅಣ್ಣ ತೋಟದಲ್ಲಿದ್ದ. ಅತ್ತಿಗೆ ಬಾಗಿಲಲ್ಲೇ ಪೊಟ್ಟಣ ತೆಗೆದುಕೊಂಡು ಒಳ್ಳೇದಾಗಲಿ ಬುಡಪ್ಪ ಎಂದಳು, ಮುಖದಲ್ಲಿ ನಗು ಇರಲಿಲ್ಲ. ವಾಪಸ್ಸು ಬರುವ ದಾರಿಯಲ್ಲಿ ದೇವಸ್ಥಾನದ ಗೋಪುರಕ್ಕೆ ಚಂದಾ ಎತ್ತುವವರು ಸಿಕ್ಕಿದರು. ಬೈರೇಶ ಅವರು ಕೇಳಿದ್ದಕ್ಕಿಂತ ಹತ್ತರಷ್ಟು ಬರೆಸಿದ. ಬರೆಸಿದ ಕೂಡಲೇ, ಅತ್ತಿಗೆಯ ಮನೆಯಿಂದ ಎದೆಯ ಮೇಲೆ ಹೊತ್ತು ತಂದಿದ್ದ ಭಾರ ಇಳಿದಂತಾಯಿತು. ಆ ಹಗುರ ಅವನಿಗೆ ರೂಢಿಯಾಯಿತು.

ಆಮೇಲೆ ಕೇಳಿದವರಿಗೆಲ್ಲ ಕೊಟ್ಟ. ಕೇಳದವರಿಗೂ ಕೊಟ್ಟ. ಗಣೇಶನ ಹಬ್ಬದ ಆರ್ಕೆಸ್ಟ್ರಾ, ಯಾರದೋ ಮದುವೆಯ ಬಾಡೂಟ, ಇನ್ಯಾರದೋ ಮಗನ ಬೈಕಿನ ಮುಂಗಡ, ಸ್ಕೂಲು ಮಕ್ಕಳಿಗೆ ಬ್ಯಾಗು. ತಾಯಿಗೆ ಒಂದು ಸರ ಮಾಡಿಸಿ ಕಳಿಸಿದ, ದೊಡ್ಡ ಟಿವಿ ಕಳಿಸಿದ. ಆದರೆ ಅವೆಲ್ಲವನ್ನೂ ಬೇರೆಯವರ ಕೈಯಲ್ಲಿ ಕಳಿಸಿದ. ಅಣ್ಣನ ಮನೆಗೆ ಹೋಗಿ ಕೂತು ತಾಯಿಯ ಜೊತೆ ಒಂದು ಹೊತ್ತು ಊಟ ಮಾಡಿದ್ದು ಆ ವರ್ಷಗಳಲ್ಲಿ ತೀರ ಕಡಿಮೆ. ಟೆಂಪೋ ಓಡಿಸುವುದನ್ನೂ ಬಿಡಲಿಲ್ಲ. ಟೆಂಪೋದ ದುಡಿಮೆ ಜೇಬಿನಲ್ಲಿ ಸುಮ್ಮನೆ ಕೂರುತ್ತಿತ್ತು, ಗೋಡೌನಿನ ಬಾಡಿಗೆ ಮಾತ್ರ ಕೂರುತ್ತಿರಲಿಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ತನಗೆ ತಾನೂ ಹೇಳಿಕೊಂಡಿರಲಿಲ್ಲ.

ಹೆಂಡತಿ ಶಶಿರೇಖಾ ಊರಿನ ಮಹಿಳಾ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಮೊದಮೊದಲು ಅವಳು ಜಗಳ ಮಾಡಿದಳು. ನಿಮ್ಮ ದುಡ್ಡು ನೀವು ಕೊಡ್ತೀರ, ಆದರೆ ಮನೆಯಲ್ಲಿ ಎಷ್ಟು ಉಳಿದಿದೆ ಅಂತ ಕೇಳಿದರೆ ಯಾಕೆ ರೇಗ್ತೀರ ಎಂದು ಕೇಳುತ್ತಿದ್ದಳು. ಬೈರೇಶ ರೇಗಿ ಎದ್ದು ಹೋಗುತ್ತಿದ್ದ. ಬರುವಾಗ ಅವಳಿಗೊಂದು ಸೀರೆ ತರುತ್ತಿದ್ದ. ಆ ಸೀರೆಗಳನ್ನು ಅವಳು ಉಟ್ಟಳು, ಮಾತು ಕಡಿಮೆ ಮಾಡಿದಳು. ಡೈರಿಯಿಂದ ಬರುವ ತನ್ನ ಸಂಬಳದಲ್ಲಿ ಮನೆಯ ರೇಷನ್ನು, ಕರೆಂಟು ಬಿಲ್ಲು ನೋಡಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಳು. ಹೊರಗಿನಿಂದ ನೋಡಿದವರಿಗೆ ಅದು ಚೆನ್ನಾಗಿರುವ ಮನೆ.

ಚಂದನ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿ.ಫಾರ್ಮ ಓದುತ್ತಿದ್ದಳು. ದಿನಾ ನೆಲಮಂಗಲಕ್ಕೆ ಹೋಗಿ ಬಸ್ಸು ಹಿಡಿಯುತ್ತಿದ್ದಳು. ಮೂರನೇ ವರ್ಷದ ಫೀಸು ಕಟ್ಟಲು ಕಾಲೇಜಿನವರು ಕೊಟ್ಟ ಗಡುವು ಬಾಡಿಗೆ ಬರುವ ವಾರದಲ್ಲೇ ಇತ್ತು. ಬೈರೇಶ ತೊಂಬತ್ತು ಸಾವಿರ ತೆಗೆದಿಡುತ್ತೇನೆ ಎಂದಿದ್ದ. ಬಾಡಿಗೆ ಬಂದ ಮರುದಿನ ವೆಂಕಟರಾಮಪ್ಪ ಎಂಬ ದೂರದ ನೆಂಟ ಮನೆಗೆ ಬಂದು, ಹೊಸ ಮನೆಯ ತಾರಸಿಗೆ ಮೋಲ್ಡು ಹಾಕಬೇಕು, ಸಿಮೆಂಟಿನವನು ದುಡ್ಡಿಲ್ಲದೆ ಲೋಡು ಇಳಿಸುವುದಿಲ್ಲ ಅಂತಾನೆ ಎಂದ. ಅವನು ಮಾತು ಮುಗಿಸುವ ಮೊದಲೇ ಬೈರೇಶ ಫೋನು ತೆಗೆದು ಒಂದು ಲಕ್ಷ ಕಳಿಸಿಬಿಟ್ಟ. ಫೀಸಿಗೆ ಎಲ್ಲಾದರೂ ಹೊಂಚೋಣ ಎಂದುಕೊಂಡ. ಹೊಂಚಲಾಗಲಿಲ್ಲ. ಮಗಳಿಗೆ ನಾಳೆ ಕಟ್ಟುತ್ತೇನೆ, ನಾಡಿದ್ದು ಕಟ್ಟುತ್ತೇನೆ ಎಂದು ಹೇಳುತ್ತ ಗಡುವು ದಾಟಿಸಿದ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅವನೇ ಆ ಮಾತು ತೆಗೆದು, ಬುಧವಾರದೊಳಗೆ ಖಂಡಿತ ಕಟ್ಟಿಬಿಡ್ತೀನಿ ಎಂದ. ಚಂದನ ಸಾರು ಬಡಿಸಿಕೊಳ್ಳುತ್ತಲೇ ಹೇಳಿದಳು.

“ಬೇಡಪ್ಪ. ಕಟ್ಟಾಯ್ತು. ದೊಡ್ಡಪ್ಪನ ಹತ್ರ ಇಸ್ಕೊಂಡೆ.”

ಬೈರೇಶ ತುತ್ತು ಹಿಡಿದುಕೊಂಡೇ ಅವಳನ್ನು ನೋಡಿದ.

“ನಿಂಗೆ ಹೇಳಿದ್ರೆ ಇನ್ಯಾರ ಹತ್ರಾನೋ ಸಾಲ ತಂದು ಕೊಡ್ತಿದ್ದೆ. ಅದಕ್ಕೇ ಹೇಳ್ಲಿಲ್ಲ. ದಸರಾಗೆ ಹೂವು ಮಾರಿದ್ದು ಇತ್ತಂತೆ. ಯಾಕೆ ಏನು ಅಂತ ಕೇಳ್ಲಿಲ್ಲ ದೊಡ್ಡಪ್ಪ, ಕೊಟ್ಬಿಟ್ರು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ತಪ್ಪಿತು, ಇನ್ನೊಂದು ಬಸ್ಸಿನಲ್ಲಿ ಬಂದೆ ಎನ್ನುವ ಹಾಗೆ ಹೇಳಿದಳು. ಬೈರೇಶ ಕೈ ತೊಳೆದು ಜಗುಲಿಗೆ ಬಂದು ಕೂತ. ಸ್ವಲ್ಪ ಹೊತ್ತಿನಲ್ಲಿ ಎದೆಯ ನಡುವೆ ಹಿಡಿದುಕೊಂಡಿತು. ಬೆವರು ಬಂತು. ಉಸಿರು ಅರ್ಧಕ್ಕೇ ನಿಂತಂತಾಯಿತು. ಶಶಿರೇಖಾ ಆಟೋ ಕರೆಸಿ ನೆಲಮಂಗಲದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಇಸಿಜಿ ಸರಿಯಾಗಿತ್ತು. ರಕ್ತ ಪರೀಕ್ಷೆಯೂ ಸರಿಯಾಗಿತ್ತು. ಹೀಗೆ ಹಿಂದೆಯೂ ಆಗಿತ್ತೇ ಎಂದು ಡ್ಯೂಟಿ ಡಾಕ್ಟರು ಕೇಳಿದಾಗ, ಬಹಳ ಸಲ ಆಗಿದೆ, ಇಷ್ಟು ಜೋರಾಗಿ ಆಗಿರಲಿಲ್ಲ ಎಂದು ಬೈರೇಶ ಒಪ್ಪಿಕೊಂಡ. ಶಶಿರೇಖಾಗೆ ಅದು ಹೊಸ ಸಂಗತಿ. ಹೃದಯದ್ದೇನೂ ತೊಂದರೆ ಕಾಣುತ್ತಿಲ್ಲ, ವಾರಕ್ಕೊಮ್ಮೆ ಮನೋರೋಗದ ಡಾಕ್ಟರು ಬರುತ್ತಾರೆ, ಒಂದು ಸಲ ತೋರಿಸಿ ಎಂದು ಅವರು ಚೀಟಿ ಬರೆದರು. ಬೈರೇಶನಿಗೆ ಇಷ್ಟವಾಗಲಿಲ್ಲ. ತಲೆ ಕೆಟ್ಟವರು ಹೋಗೋ ಕಡೆ ನನ್ಯಾಕೆ ಕಳಿಸ್ತಾರೆ ಎಂದು ದಾರಿಯುದ್ದಕ್ಕೂ ಗೊಣಗಿದ. ಆದರೂ ಹೋದ, ಯಾಕೆಂದರೆ ಶಶಿರೇಖಾ ಅಂದು ಡೈರಿಗೆ ರಜೆ ಹಾಕಿ ಸೀರೆ ಉಟ್ಟು ತಯಾರಾಗಿ ಬಾಗಿಲಲ್ಲಿ ನಿಂತಿದ್ದಳು.

ಡಾಕ್ಟರ ಹೆಸರು ಕವಿತ. ಮೂವತ್ತೈದು ದಾಟಿರಲಾರದು. ನೋವು ಯಾವಾಗ ಬರುತ್ತದೆ ಎಂದು ಕೇಳಿದರು. ಬೈರೇಶ, ಇಂಥ ಹೊತ್ತು ಅಂತಿಲ್ಲ, ಯಾವಾಗ ಬೇಕಾದರೂ ಬರುತ್ತದೆ ಎಂದ. ಪಕ್ಕದಲ್ಲಿ ಕೂತಿದ್ದ ಶಶಿರೇಖಾ ಬ್ಯಾಗಿನ ಹಿಡಿಯನ್ನು ನೋಡುತ್ತ ಹೇಳಿದಳು.

“ಐದನೇ ತಾರೀಕು ಮೇಡಂ. ಎದೆನೋವಿನ ವಿಚಾರ ನಂಗೆ ಗೊತ್ತಿರ್ಲಿಲ್ಲ. ಆದ್ರೆ ಐದನೇ ತಾರೀಕು ಇವ್ರು ಸರಿಯಾಗಿ ಊಟ ಮಾಡಲ್ಲ. ಬಾಡಿಗೆ ಬಂತು ಅಂತ ಫೋನಿಗೆ ಮೆಸೇಜು ಬರುತ್ತೆ, ಆಗ್ಲೇ ಎದ್ದು ಆಚೆ ಹೋಗ್ಬಿಡ್ತಾರೆ. ಕಾಲು ಭಾಗ ಯಾರಿಗೋ ಕೊಟ್ಟು ಬಂದ್ಮೇಲೆ ಸರಿ ಹೋಗ್ತಾರೆ.”

ಡಾಕ್ಟರು ಬಾಡಿಗೆಯ ಕಥೆ ಕೇಳಿದರು. ಬೈರೇಶ ಹೇಳಿದ. ಕಲ್ಲುಹೊಲ, ಭಾಗ, ಗೋಡೌನು, ಎಲ್ಲವನ್ನೂ ಬೇರೆಯವರ ಮನೆಯ ವಿಷಯದಂತೆ ಹೇಳಿದ. ಅವರು ಎಲ್ಲ ಕೇಳಿಸಿಕೊಂಡು, ಆ ದುಡ್ಡು ಯಾರದು ಎಂದರು. ನಂದೇ ಎಂದ ಬೈರೇಶ. ಅವರು ಸುಮ್ಮನಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅವನೇ, ನಮ್ಮಣ್ಣಂದೂ ಆಗ್ಬಹುದಿತ್ತು ಎಂದ.

“ಗೊತ್ತಿಲ್ಲ ಮೇಡಂ,” ಎಂದ ಕೊನೆಗೆ.

ಡಾಕ್ಟರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಕೊಡುವುದು ಕಾಯಿಲೆ ಏನಲ್ಲ ಎಂದರು. ಆದರೆ ಬಿಸಿ ಪಾತ್ರೆ ಕೈ ಸುಡುತ್ತಿದೆ ಅಂತ ಯಾರ ಕೈಗೋ ದಾಟಿಸುವುದಕ್ಕೂ, ಯಾರಿಗೆ ಏನು ಬೇಕು ಅಂತ ನೋಡಿ ಕೊಡುವುದಕ್ಕೂ ವ್ಯತ್ಯಾಸ ಇದೆ, ನಿಮ್ಮದು ಯಾವುದು ಅಂತ ನೀವೇ ನೋಡಿಕೊಳ್ಳಿ ಎಂದರು. ಮಾತ್ರೆ ಸದ್ಯಕ್ಕೆ ಬೇಡ ಎಂದರು. ಮುಂದಿನ ಐದನೇ ತಾರೀಕು ಮೆಸೇಜು ಬಂದಾಗ ಆಚೆ ಹೋಗಬೇಡಿ, ಫೋನನ್ನು ಎದುರಿಗಿಟ್ಟುಕೊಂಡು ಕೂತಿರಿ, ಎಲ್ಲಿ ಬಿಗಿಯಾಗುತ್ತೆ ಅಂತ ಗಮನಿಸಿ, ಉಸಿರು ತಾನಾಗಿ ಸರಿಯಾಗುವವರೆಗೆ ಏಳಬೇಡಿ, ಆ ಹೊತ್ತಿನಲ್ಲಿ ಏನು ನೆನಪಾಗುತ್ತೋ ಅದನ್ನು ಮನೆಯವರಿಗೆ ಹೇಳಿ. ಅಷ್ಟೇ.

ಇಷ್ಟಕ್ಕೆ ಆಸ್ಪತ್ರೆಗೆ ಬರಬೇಕಿತ್ತಾ ಎಂದು ಬೈರೇಶ ಬಸ್‌ಸ್ಟಾಂಡಿನಲ್ಲಿ ಹೆಂಡತಿಯನ್ನು ಕೇಳಿದ. ಅವಳು ಊರಿನ ಬಸ್ಸು ಬಂತೆಂದು ಎದ್ದಳು.

ಮೊದಲ ತಿಂಗಳು ಅದು ಸಾಧ್ಯವಾಗಲಿಲ್ಲ. ಮೆಸೇಜು ಬಂದಾಗ ಕೂತ, ಎದ್ದ, ಮತ್ತೆ ಕೂತ. ಟೆಂಪೋಗೆ ಗಾಳಿ ಹಿಡಿಸಬೇಕು ಎಂದು ಹೊರಟು, ಪಂಕ್ಚರ್ ಅಂಗಡಿಯವನಿಗೆ ಮಗಳ ನಾಮಕರಣದ ಖರ್ಚಿಗೆ ಇರಲಿ ಎಂದು ಐದು ಸಾವಿರ ಕೊಟ್ಟು ಬಂದ. ಮನೆಗೆ ಬಂದು ಅದನ್ನು ಶಶಿರೇಖಾಗೆ ಹೇಳಿದ. ಹಿಂದೆಲ್ಲ ಹೇಳುತ್ತಿರಲಿಲ್ಲ. ಅವಳು, ಹೇಳಿದ್ರಲ್ಲ, ಅಷ್ಟಾಯ್ತು ಎಂದಳು.

ಎರಡನೇ ತಿಂಗಳು ಅವಳು ಡೈರಿ ಮುಗಿಸಿ ಬೇಗ ಬಂದು ಎದುರಿಗೆ ಅವರೆಕಾಯಿ ಸುಲಿಯುತ್ತ ಕೂತಳು. ಫೋನು ಸದ್ದು ಮಾಡಿತು. ಬೈರೇಶನ ಕೈ ತಣ್ಣಗಾಯಿತು. ಗಂಟಲ ಕೆಳಗೆ, ಎರಡು ಎಲುಬು ಸೇರುವಲ್ಲಿ ಬಿಗಿಯಿತು. ಅವನು ಎದ್ದು ಹೋಗದೆ ಆ ಜಾಗದ ಮೇಲೆ ಕೈಯಿಟ್ಟುಕೊಂಡು ಕೂತ. ಉಸಿರು ಬಂತು, ಹೋಯಿತು. ಅವರೆಕಾಯಿ ಸಿಪ್ಪೆ ಬೀಳುವ ಸದ್ದು ಮಾತ್ರ ಇತ್ತು. ಬಹಳ ಹೊತ್ತಾದ ಮೇಲೆ ಅವನು, ಆ ಹಸು, ಎಂದ. ಯಾವ ಹಸು ಎಂದಳು ಅವಳು. ಭಾಗವಾದ ಮರುದಿನ ಅಣ್ಣ ತಂದು ಕಟ್ಟಿದ ಹಸು. ಪಾಪ, ನಿನಗೆ ಕಲ್ಲು ಬಂತು ಅಂತ ಕರುಣೆಯಿಂದ ಕೊಟ್ಟಿದ್ದು. ಅದನ್ನು ತೆಗೆದುಕೊಂಡ ಕೈಗೇ ಈಗ ಈ ದುಡ್ಡು ಬೀಳುತ್ತಿದೆ. ಪ್ರತಿ ತಿಂಗಳು ಫೋನು ಬಡಿದುಕೊಂಡಾಗ ಅಣ್ಣ ಹಗ್ಗ ಬಿಗಿದು ತಿರುಗಿ ಹೋದ ಬೆನ್ನು ಕಾಣುತ್ತದೆ. ಇಷ್ಟನ್ನು ಅವನು ತುಂಡುತುಂಡಾಗಿ ಹೇಳಿದ. ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು ಎಂದು ಶಶಿರೇಖಾ ಹೇಳುತ್ತಾಳೆ. ಅವನು ಇದನ್ನು ಒಪ್ಪುವುದಿಲ್ಲ. ಇಬ್ಬರೂ ಒಪ್ಪುವ ಮಾತೆಂದರೆ, ಅಂದು ಅವನು ಹೊಟ್ಟೆ ತುಂಬ ಉಂಡ.

ಡಾಕ್ಟರನ್ನು ಎರಡು ವಾರಕ್ಕೊಮ್ಮೆ ನೋಡುತ್ತಿದ್ದ. ಯಾರು ಕೇಳಿದರೂ ಅದೇ ದಿನ ಹೂಂ ಅನ್ನಬೇಡಿ, ಇಲ್ಲ ಎಂದೂ ಅನ್ನಬೇಡಿ, ಒಂದು ರಾತ್ರಿ ಕಳೆಯಲಿ ಎಂದು ಅವರು ಹೇಳಿಕೊಟ್ಟರು. ಕೇಳಲು ಸುಲಭದ ಮಾತು, ನಾಲಿಗೆಯ ಮೇಲೆ ಬರುವಾಗ ಬಹಳ ಕಷ್ಟವಾಯಿತು. ಮೋಲ್ಡು ಹಾಕಿಸಿದ್ದ ವೆಂಕಟರಾಮಪ್ಪ ಗಾರೆ ಕೆಲಸಕ್ಕೆ ಇನ್ನೊಂದು ಐವತ್ತು ಸಾವಿರ ಬೇಕೆಂದು ಬಂದಾಗ ಬೈರೇಶ, ನಾಳೆ ಹೇಳ್ತೀನಿ ಎಂದ. ಹೇಳಿದ ಮೇಲೆ ತಾನೇ ಬೆವರಿದ. ವೆಂಕಟರಾಮಪ್ಪ ತಮಾಷೆ ಎಂದುಕೊಂಡು ನಕ್ಕ. ನಂತರ ನಗು ಹೋಯಿತು. ಹೊಸ ಮನೆಯಲ್ಲಿ ನಿನ್ನ ಹೆಸರಲ್ಲಿ ದೀಪ ಹಚ್ತೀನಿ ಅಂದಿದ್ದೆ, ನೀನು ಇಂಗಾಗ್ಬಿಟ್ಟೆಯಲ್ಲ ಎಂದು ಹೇಳಿ ಎದ್ದ. ಮರುದಿನ ಬೈರೇಶನಿಗೆ ಆ ಐವತ್ತು ಸಾವಿರ ಕೊಡಬೇಕು ಎಂದು ಅನಿಸಲಿಲ್ಲ. ಹಾಗೆ ಅನಿಸದಿದ್ದದ್ದು ಅವನಿಗೇ ಆಶ್ಚರ್ಯ. ಫೋನು ಮಾಡಿ, ಆಗಲ್ಲ ಕಣಪ್ಪ, ಹಳೇದು ನಿಧಾನಕ್ಕೆ ಕೊಡು ಎಂದ. ಹಳೆಯದರಲ್ಲಿ ಸ್ವಲ್ಪ ಬಂತು, ಉಳಿದದ್ದು ಬರಲಿಲ್ಲ. ಬೈರೇಶ ಅದನ್ನು ಮತ್ತೆ ಕೇಳಲೂ ಇಲ್ಲ, ಮರೆಯಲೂ ಇಲ್ಲ.

ಒಬ್ಬೊಬ್ಬರಾಗಿ ಕೆಲವರು ಮನೆಯ ಕಡೆ ಬರುವುದು ನಿಂತಿತು. ಗಂಗಣ್ಣನ ಹೋಟೆಲಿನಲ್ಲಿ ಅವನ ಬೆಂಚಿನ ಸುತ್ತ ಕೂರುತ್ತಿದ್ದವರಲ್ಲಿ ಇಬ್ಬರು ಬೇರೆ ಬೆಂಚಿಗೆ ಹೋದರು. ಹೆಂಡತಿ ಕೈಗೆ ಜುಟ್ಟು ಕೊಟ್ಟವನೆ ಎಂಬ ಮಾತು ಅವನ ಕಿವಿಗೂ ಬಿತ್ತು. ಅವನಿಗೆ ನೋವಾಯಿತು. ಆದರೆ ಬಾರದೆ ಹೋದವರು ಯಾರು ಯಾರು ಎಂದು ಯೋಚಿಸಿದಾಗ, ಅವರ ಜೊತೆ ದುಡ್ಡು ಬಿಟ್ಟು ಬೇರೆ ಯಾವ ಮಾತನ್ನಾಡಿದ್ದೆ ಎಂಬುದು ನೆನಪಾಗಲಿಲ್ಲ.

ಎಲ್ಲಕ್ಕಿಂತ ಕಷ್ಟದ್ದೆಂದರೆ ತೆಗೆದುಕೊಳ್ಳುವುದು. ವಾರಕ್ಕೊಂದು ಸಲವಾದರೂ ಬೇರೆಯವರು ನಿಮಗೆ ಏನಾದರೂ ಕೊಡಲು ಬಿಡಿ, ಒಂದು ಟೀ ಆದರೂ ಸರಿ ಎಂದಿದ್ದರು ಡಾಕ್ಟರು. ಒಂದು ಬೆಳಿಗ್ಗೆ ಬೈರೇಶ ಟೀ ಕುಡಿದು ಜೇಬಿಗೆ ಕೈ ಹಾಕುವಷ್ಟರಲ್ಲಿ ಗಂಗಣ್ಣನೇ, ಇವತ್ತು ನನ್ನ ಲೆಕ್ಕದಲ್ಲಿರಲಿ ಬೈರಣ್ಣ, ಮಗನಿಗೆ ಕೆಲಸ ಸಿಕ್ತು ಎಂದ. ಬೈರೇಶನ ಕೈ ಜೇಬಿನಲ್ಲೇ ನೋಟು ಹಿಡಿದಿತ್ತು. ಬೇರೆ ದಿನವಾಗಿದ್ದರೆ ಗಂಗಣ್ಣನ ಮಗನಿಗೆ ಅಂತ ಐನೂರು ತೆಗೆದು ಮೇಜಿನ ಮೇಲಿಡುತ್ತಿದ್ದ. ಅಂದು ಕೈಯನ್ನು ಖಾಲಿಯಾಗಿ ಆಚೆ ತೆಗೆದ. ಸಂತೋಷ ಗಂಗಣ್ಣ ಎಂದ. ಎದೆಯಲ್ಲಿ ಅದೇ ಬಿಗಿತ ಬಂತು, ರಸ್ತೆ ದಾಟುವವರೆಗೂ ಇತ್ತು, ಆಚೆ ಕಡೆ ಹೋದ ಮೇಲೆ ಬಿಟ್ಟಿತು. ಗಂಗಣ್ಣ ಅಂದು ಇಡೀ ದಿನ ಸಂತೋಷವಾಗಿದ್ದನಂತೆ. ಬೈರಣ್ಣ ನನ್ನ ಟೀ ಕುಡಿದ ಎಂದು ನಾಲ್ಕು ಜನಕ್ಕೆ ಹೇಳಿದನಂತೆ.

ಇಷ್ಟೆಲ್ಲ ಆದರೂ ಅಣ್ಣನ ವಿಷಯ ಹಾಗೇ ಉಳಿದಿತ್ತು. ಚಂದನಳ ಫೀಸಿನ ದುಡ್ಡನ್ನು ಮುಂದಿನ ತಿಂಗಳ ಬಾಡಿಗೆಯಲ್ಲೇ ಅವಳ ಕೈಯಲ್ಲಿ ವಾಪಸ್ಸು ಕಳಿಸಿದ್ದ. ಅಪ್ಪಯ್ಯಣ್ಣ ಎಣಿಸದೆ ಪೆಟ್ಟಿಗೆಗೆ ಹಾಕಿಕೊಂಡನೆಂದು ಅವಳು ಹೇಳಿದ್ದಳು. ಬೇಸಿಗೆಯ ಹೊತ್ತಿಗೆ ಬೈರೇಶ ಒಂದು ನಿರ್ಧಾರಕ್ಕೆ ಬಂದ. ಇನ್ನು ಮುಂದೆ ಬಾಡಿಗೆಯಲ್ಲಿ ಅರ್ಧ ಅಣ್ಣನಿಗೆ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಡುವುದು. ಶಶಿರೇಖಾಗೆ ಹೇಳಿದ. ಅವಳು ಕೋಪ ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದ. ಅವಳು, ಬ್ಯಾಂಕಿಗೆ ಹೋಗೋ ಮುಂಚೆ ಅವರನ್ನ ಒಂದ್ಮಾತು ಕೇಳಿ, ಇಷ್ಟು ವರ್ಷದಲ್ಲಿ ಅವರನ್ನ ಒಂದು ಸಲನೂ ಕೇಳಿಲ್ಲ ನೀವು ಎಂದಳು.

ಅಪ್ಪಯ್ಯಣ್ಣ ಸೇವಂತಿಗೆ ಸಾಲಿನ ನಡುವೆ ಕಳೆ ಕೀಳುತ್ತಿದ್ದ. ತಮ್ಮನನ್ನು ಕಂಡು ಸೊಂಟ ನೆಟ್ಟಗೆ ಮಾಡಿ ನಿಂತ. ಬದುವಿನ ಮೇಲೆ ಇಬ್ಬರೂ ಕೂತರು. ಬೈರೇಶ ಸುತ್ತುಬಳಸದೆ ವಿಷಯ ಹೇಳಿದ. ಅಪ್ಪಯ್ಯಣ್ಣ ಕೈಯ ಮಣ್ಣನ್ನು ಉಜ್ಜಿ ಉದುರಿಸುತ್ತ ಕೇಳಿಸಿಕೊಂಡ.

“ಮೊದಲೆರಡು ವರ್ಸ ನಂಗೆ ಹೊಟ್ಟೆಕಿಚ್ಚಿತ್ತು ಕಣ್ಲಾ,” ಎಂದ ಆಮೇಲೆ. “ಸುಳ್ಳು ಯಾಕೆ ಹೇಳ್ಲಿ. ಆ ನೀಲಿ ತಗಡು ಕಾಣಬಾರ್ದು ಅಂತ ಮಾರ್ಕೆಟ್ಟಿಗೆ ಸುತ್ತಾಕ್ಕೊಂಡು ಹೋಗ್ತಿದ್ದೆ. ನಿಮ್ಮತ್ತಿಗೆ ಜೊತೆಗೂ ಜಗಳ ಆಡ್ದೆ. ಆಮೇಲಾಮೇಲೆ ಸವೆದೋಯ್ತು. ಈಗ ಅದೇ ದಾರೀಲಿ ಹೋಗ್ತೀನಿ, ಏನೂ ಅನ್ಸಲ್ಲ.”

ಬೈರೇಶ ಅದಕ್ಕೇ ಕೊಡುತ್ತೇನೆ ಎನ್ನುತ್ತಿರುವುದು ಎಂದ.

“ಬೇಡ. ನೀನು ಕೊಡೋದು, ನಾನು ಈಸ್ಕೊಳ್ಳೋದು. ಆಮೇಲೆ ತಿಂಗ್ಳು ತಿಂಗ್ಳು ನಾನು ಕಾಯ್ಬೇಕು, ಇವತ್ತು ಬತ್ತೋ ಇಲ್ವೋ ಅಂತ. ಸವೆದೋಗಿರೋದನ್ನ ಮತ್ತೆ ಯಾಕೆ ಸಾಣೆ ಹಿಡೀತೀಯ?”

ಕೊಡುವುದಕ್ಕೆಂದು ಬಂದವನು ಕೊಡಲಾರದೆ ಕೂತಿದ್ದು ಬೈರೇಶನಿಗೆ ಅದೇ ಮೊದಲು. ಎದ್ದು ಹೋಗಿಬಿಡಬೇಕು ಎನಿಸಿತು. ಗಂಟಲ ಕೆಳಗೆ ಬಿಗಿಯುವುದನ್ನು ಗಮನಿಸಿದ. ಹಾಗೇ ಕೂತಿದ್ದ. ಅಪ್ಪಯ್ಯಣ್ಣ ನೀರಿನ ಬಾಟಲಿ ಅವನ ಕಡೆ ಚಾಚಿದ, ಕುಡಿದ.

ಆಮೇಲೆ ಅಪ್ಪಯ್ಯಣ್ಣನೇ ತಾಯಿಯ ಮಾತು ತೆಗೆದ. ಅಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಶನ್ ಮಾಡಿಸಬೇಕು ಎಂದು ಡಾಕ್ಟರು ಹೇಳಿ ಎರಡು ತಿಂಗಳಾಯಿತು. ನೀನು ಕಳಿಸಿದ ಟಿವಿಯನ್ನು ಅವಳು ಕೇಳಿಸಿಕೊಳ್ಳುತ್ತಾಳೆ ಅಷ್ಟೇ, ನೋಡುವುದಿಲ್ಲ ಎಂದ. ಬೈರೇಶ ತಕ್ಷಣ, ಎಲ್ಲ ಖರ್ಚು ನಾನೇ ಹಾಕ್ತೀನಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೇ ಸೇರಿಸೋಣ ಎಂದ. ಅಪ್ಪಯ್ಯಣ್ಣ ಬೇಡವೆಂದು ತಲೆಯಾಡಿಸಿದ.

“ಅವಳು ನಮ್ಮಿಬ್ಬರಿಗೂ ಅವ್ವ. ಅರ್ಧ ನಂದು, ಅರ್ಧ ನಿಂದು. ಅದ್ಕಿಂತ ಜಾಸ್ತಿ ಒಂದ್ರೂಪಾಯಿ ಬೇಡ. ಆದ್ರೆ ಆಸ್ಪತ್ರೇಲಿ ನೀನು ಕೂತ್ಕೋ. ಹೂವಿನ ಟೈಮು, ನಂಗಾಗಲ್ಲ.”

ನೆಲಮಂಗಲದಲ್ಲೇ ಆಪರೇಶನ್ ಆಯಿತು. ಬೈರೇಶ ಟೆಂಪೋ ನಿಲ್ಲಿಸಿ ತಾಯಿಯ ಜೊತೆ ಕೂತ. ಆಸ್ಪತ್ರೆಯಲ್ಲೂ, ಆಮೇಲೆ ಅಣ್ಣನ ಮನೆಯಲ್ಲೂ ಕಣ್ಣಿಗೆ ಡ್ರಾಪ್ಸು ಹಾಕುವುದು ಅವನ ಕೆಲಸವಾಯಿತು. ತಾಯಿಗೆ ಕಪ್ಪು ಕನ್ನಡಕ ಹಾಕಿಸಿ ಜಗುಲಿಯ ಮೇಲೆ ಕೂರಿಸಿ ತಲೆ ಬಾಚಿದ. ಹಣೆಯ ಮೇಲಿನ ಕೂದಲು ಇಷ್ಟು ತೆಳ್ಳಗಾಗಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅಮ್ಮಯಮ್ಮ ಸುಮ್ಮನೆ ಮಾತಾಡುವ ಹೆಂಗಸಲ್ಲ, ಮಗ ಮಾಡಿಸಿದ ಸರವನ್ನು ಯಾವತ್ತೂ ಹಾಕಿಕೊಂಡಿರಲಿಲ್ಲ. ಯಾಕೆ ಎಂದು ಅವನು ಅಲ್ಲಿ ಕೂತು ಕೇಳಿದ. ಹಾಕ್ಕೊಂಡ್ರೆ ಯಾರಿಗೆ ತೋರಿಸ್ಲಿ, ಕೊಟ್ಟೋನು ಬರ್ತಿರ್ಲಿಲ್ವಲ್ಲ ಎಂದಳು. ಅವನು ಬಾಚುವುದನ್ನು ಮುಂದುವರಿಸಿದ. ಅತ್ತಿಗೆ ಅವನಿಗೆ ಮುದ್ದೆ ಬಡಿಸಿದಳು. ಎರಡನೇ ಮುದ್ದೆಗೆ ಬೇಡ ಎನ್ನದೆ ಕೈ ಚಾಚಿದ. ಆಪರೇಶನ್ನಿನ ಬಿಲ್ಲು ಬಂದಾಗ ಅಣ್ಣ ತಮ್ಮ ಇಬ್ಬರೂ ಅರ್ಧರ್ಧ ಹಾಕಿದರು. ಹೂವಿನ ದುಡ್ಡಿನಲ್ಲಿ ಚಿಲ್ಲರೆ ಸರಿಹೋಗದೆ ಅಪ್ಪಯ್ಯಣ್ಣ ತಮ್ಮನಿಗೆ ಇಪ್ಪತ್ತು ರೂಪಾಯಿ ಬಾಕಿ ಉಳಿಸಿಕೊಂಡ. ಮರುದಿನ ತಂದು ಕೊಟ್ಟ. ಬೈರೇಶ ಅದನ್ನು ತೆಗೆದುಕೊಂಡು ಜೇಬಿಗಿಟ್ಟ.

ಈಗ ಐದನೇ ತಾರೀಕು ಗಂಡ ಹೆಂಡತಿ ಕೂತು ಮಾತಾಡುತ್ತಾರೆ. ಮನೆಗೆ ಇಷ್ಟು, ಚಂದನಳ ಓದಿಗೆ ಇಷ್ಟು, ಮುಂದಕ್ಕೆ ಇಷ್ಟು ಎಂದು ಮೊದಲು ತೆಗೆದಿಡುತ್ತಾರೆ. ಕೊಡುವುದಕ್ಕೆಂದೇ ಒಂದು ಪಾಲು ಇದೆ, ಅದು ಶಶಿರೇಖಾಳ ಮಾತು. ಕೊಡೋದು ನಿಲ್ಲಿಸಿದ್ರೆ ನೀವು ನೀವಾಗಿರಲ್ಲ, ನೋಡಿ ಕೊಡಿ ಎಂದಿದ್ದಾಳೆ. ಆ ಪಾಲಿನಲ್ಲಿ ಕಳೆದ ವರ್ಷ ಊರಿನ ಸ್ಕೂಲಿಗೆ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು, ನಲ್ಲಿ ರಿಪೇರಿಯಾದವು. ಅದಕ್ಕೆ ಮುಂಚೆ ಬೈರೇಶ ಮೂರು ಸಲ ಸ್ಕೂಲಿಗೆ ಹೋಗಿ ಏನು ಬೇಕು ಎಂದು ಟೀಚರನ್ನು ಕೇಳಿಕೊಂಡು ಬಂದಿದ್ದ. ಎದೆನೋವು ಪೂರ್ತಿ ಹೋಗಿಲ್ಲ. ಯಾರಾದರೂ ಅತ್ತುಕೊಂಡು ಕೇಳಿದರೆ ಬರುತ್ತದೆ. ಬಂದರೆ ಕೂರುತ್ತಾನೆ.

ಕರಾರಿನ ಹತ್ತು ವರ್ಷ ಮುಗಿಯುತ್ತ ಬಂದಾಗ ಕಂಪನಿಯವರಿಂದ ಕರೆ ಬಂತು. ಡಾಬಸ್‌ಪೇಟೆ ಕಡೆ ಕಡಿಮೆ ಬಾಡಿಗೆಗೆ ಜಾಗ ಸಿಗುತ್ತಿದೆ, ಇಲ್ಲೇ ಇರಬೇಕಾದರೆ ಬಾಡಿಗೆ ಇಳಿಸಬೇಕು, ಇಲ್ಲದಿದ್ದರೆ ಖಾಲಿ ಮಾಡುತ್ತೇವೆ ಎಂದರು. ಹಿಂದಿನ ಬೈರೇಶ ಆಗಿದ್ದರೆ ಅವರು ಹೇಳಿದಷ್ಟಕ್ಕೇ ಸಹಿ ಹಾಕಿ ಬರುತ್ತಿದ್ದ, ದುಡ್ಡು ಕಡಿಮೆಯಾದಷ್ಟೂ ಒಳ್ಳೆಯದೆಂದುಕೊಳ್ಳುತ್ತಿದ್ದನೋ ಏನೋ. ಈ ಸಲ ಅವನಿಗೆ ಚಿಂತೆ ಹತ್ತಿತು. ಬಾಡಿಗೆ ನಿಂತರೆ ಚಂದನಳ ಮುಂದಿನ ಓದಿಗೆ ಏನು ಮಾಡುವುದು, ಈಚೆಗೆ ಶುರು ಮಾಡಿಸಿದ್ದ ಮನೆಯ ಮೇಲಿನ ಅಂತಸ್ತಿನ ಕೆಲಸ ಅರ್ಧಕ್ಕೆ ನಿಲ್ಲುತ್ತದಲ್ಲ ಎಂದು ನಾಲ್ಕು ದಿನ ಅದೇ ಯೋಚನೆ. ಡಾಕ್ಟರ ಹತ್ತಿರ ಹೋದಾಗ, ಈಗ ದುಡ್ಡು ಹೋಗ್ಬಿಡುತ್ತೆ ಅಂತ ಹೆದರಿಕೆ ಆಗ್ತಿದೆ ಮೇಡಂ, ಇದೇನು ಹೊಸ ಕಾಯಿಲೆಯಾ ಎಂದು ಕೇಳಿದ. ಡಾಕ್ಟರು ನಕ್ಕರು. ಎಲ್ಲರಿಗೂ ಆಗೋದು ನಿಮಗೂ ಆಗ್ತಿದೆ, ಇನ್ನು ತಿಂಗಳಿಗೊಂದು ಸಲ ಬಂದರೆ ಸಾಕು ಎಂದರು.

ಕಂಪನಿಯ ಆಫೀಸು ಪೀಣ್ಯದಲ್ಲಿತ್ತು. ಬೈರೇಶ ಒಬ್ಬನೇ ಹೋಗಲಿಲ್ಲ, ಶಶಿರೇಖಾಳನ್ನೂ ಅಣ್ಣನನ್ನೂ ಕರೆದುಕೊಂಡು ಹೋದ. ಅಪ್ಪಯ್ಯಣ್ಣ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದ. ಮಾತುಕತೆ ಬಹಳ ಹೊತ್ತು ನಡೆಯಿತು. ಶಶಿರೇಖಾ ಅಕ್ಕಪಕ್ಕದ ಗೋಡೌನುಗಳ ಬಾಡಿಗೆ ವಿಚಾರಿಸಿಕೊಂಡು ಬಂದಿದ್ದಳು, ಅವಳೇ ಹೆಚ್ಚು ಮಾತಾಡಿದಳು. ಕೊನೆಗೆ ಬಾಡಿಗೆ ಇಳಿಯಲಿಲ್ಲ, ಇವರು ಕೇಳಿದಷ್ಟು ಏರಲೂ ಇಲ್ಲ. ವರ್ಷಕ್ಕೆ ಸ್ವಲ್ಪ ಹೆಚ್ಚಳವೆಂದು ಒಪ್ಪಂದವಾಗಿ ಇನ್ನೂ ಐದು ವರ್ಷಕ್ಕೆ ಕರಾರಾಯಿತು.

ಆಚೆ ಬಂದಾಗ ಮಧ್ಯಾಹ್ನ ಮೂರಾಗಿತ್ತು, ಮೂವರಿಗೂ ಹಸಿವು. ಬಸ್‌ಸ್ಟಾಪಿನ ಹತ್ತಿರದ ದರ್ಶಿನಿಯಲ್ಲಿ ನಿಂತು ರೈಸ್‌ಬಾತು ತಿಂದರು. ಅಪ್ಪಯ್ಯಣ್ಣನಿಗೆ ಅದು ಸಪ್ಪೆ ಅನಿಸಿತು, ಬೆಂಗಳೂರಿನವರು ಏನು ತಿಂತಾರೋ ಎಂದ. ನೆಲಮಂಗಲದ ಬಸ್ಸು ತುಂಬಿ ಬಂತು. ಶಶಿರೇಖಾಗೆ ಮುಂದೆ ಸೀಟು ಸಿಕ್ಕಿತು. ಅಣ್ಣ ತಮ್ಮ ಜಾಲಹಳ್ಳಿ ಕ್ರಾಸು ದಾಟುವವರೆಗೂ ಕಂಬಿ ಹಿಡಿದು ನಿಂತು, ಈ ಸಲ ಸೇವಂತಿಗೆಗೆ ಬಿದ್ದಿರುವ ರೋಗದ ಬಗ್ಗೆ ಮಾತಾಡಿಕೊಂಡರು.